ಬಿಚ್ಚಬಾರದ ಬುಟ್ಟಿ

ಕಣ್ಣಿನ ಪೊರೆ ತೆಗೆಸಿಕೊಂಡು ಎಂಟನೇ ದಿನಕ್ಕೆ ತೋರಿಸಲು ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಗೆ ಹೋಗಿದ್ದೆ. ಹೊರಗೆ ಬಂದು ಕಪ್ಪು ಕನ್ನಡಕ ತೆಗೆದರೆ ಹೊಸ ಕಣ್ಣಿಗೆ ಮೊದಲು ಬಿದ್ದದ್ದು ಚಿರುತಳ ಹಲ್ಲು. ರಸ್ತೆಯ ಆಚೆ, ಔಷಧದಂಗಡಿಯ ನೆತ್ತಿಯ ಮೇಲೆ, ಎರಡಾಳೆತ್ತರದ ಬೋರ್ಡಿನಲ್ಲಿ ಅವಳು ಬಾಯಿ ತೆರೆದು ನಗುತ್ತಿದ್ದಳು. ಮೇಲಿನ ಸಾಲಿನಲ್ಲಿ ಅವಳಿಗೆ ಉಳಿದಿರುವುದು ಮೂರು ಹಲ್ಲು, ಮೂರೂ ಕಂಡವು. ಪೊರೆ ತೆಗೆದವನ ಕೆಲಸ ಒಳ್ಳೆಯದೇ ಎಂದುಕೊಂಡೆ.

ನಾನು ಓದಿದ್ದು ಮೂರನೇ ಇಯತ್ತೆ, ಅದೂ ಕನ್ನಡದಲ್ಲಿ. ಬೋರ್ಡು ಇದ್ದದ್ದು ಇಂಗ್ಲಿಷು ಮತ್ತು ಮಲಯಾಳದಲ್ಲಿ. ಮಗಳು ಲತಾ ಓದಿ ಹೇಳಿದಳು. "ಜಗತ್ತಿನ ಆಹಾರ ಭದ್ರತೆ, ಸುಸ್ಥಿರ ಕೃಷಿ. ಮೂರು ದಿನದ ಸಮ್ಮೇಳನ. ಈ ವರ್ಷವೂ ಮಾಡ್ತಿದ್ದಾರೆ."

"ಚಿರುತಂಗೆ ಗೊತ್ತದೆಯಾ, ಅವ್ಳ ಮೋರೆ ಇಲ್ಲಿ ನೇತಾಡ್ತದೆ ಅಂತ?"

"ಕೇಳಿರ್ತಾರೆ ಅಮ್ಮ."

ಯಾರೂ ಕೇಳಿರಲಿಕ್ಕಿಲ್ಲ. ಆ ನಗು ಹುಟ್ಟಿದ ಗಳಿಗೆಯಲ್ಲಿ ನಾನು ಅವಳ ಪಕ್ಕದಲ್ಲೇ ತೋಡಿನ ಕೆಸರಿನಲ್ಲಿ ನಿಂತಿದ್ದೆ. ಬೋರ್ಡು ಹಾಕಿಸಿದ ಸಾಹೇಬನೇ ಅಂದು ದಡದಿಂದ ಜಾರಿ ತೊಡೆಯವರೆಗೆ ಹೂತುಹೋಗಿದ್ದ. ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ಚಿರುತ ನಕ್ಕದ್ದು ಅದನ್ನು ನೋಡಿ. ಅವನ ಜೊತೆಗಿದ್ದವನು ಆಗಲೇ ಫೋಟೋ ತೆಗೆದ. ಈಗ ಆ ನಗು ಲೋಕಕ್ಕೆಲ್ಲ ಅನ್ನ ಹಾಕಲು ಹೊರಟಿದೆ.

ಇದು ಎರಡು ವರ್ಷದ ಹಿಂದೆ, ಮಳೆಗೆ ತುಸು ಮೊದಲಿನ ಮಾತು. ಲತಾ ಬ್ಯಾಂಕಿನಲ್ಲಿ ಕೃಷಿ ವಿಭಾಗದ ಅಧಿಕಾರಿ. ಆಗ ಅವಳಿಗೆ ಕೊಚ್ಚಿಗೆ ವರ್ಗವಾಗಿತ್ತು. ನಾವಿದ್ದದ್ದು ಎಡಪ್ಪಳ್ಳಿಯಲ್ಲಿ, ಹನ್ನೊಂದನೇ ಮಾಳಿಗೆಯಲ್ಲಿ. ಕಿಟಕಿಯಿಂದ ನೋಡಿದರೆ ದೊಡ್ಡ ಮಾಲು ಕಾಣುತ್ತಿತ್ತು. ಅಲ್ಲಿ ಅಕ್ಕಿಗೇ ಒಂದು ಓಣಿ ಇತ್ತು. ಎರಡೂ ಕಡೆ ಆಳೆತ್ತರ ಚೀಲ. ಇದು ಯಾವ ಊರ ಅಕ್ಕಿ ಎಂದು ಕೇಳಿದರೆ ಅಲ್ಲಿ ನಿಂತಿದ್ದ ಹುಡುಗಿ ಚೀಲದ ಹಿಂದೆ ಬರೆದಿದೆ ಅಂದಳು. ಲತಾ ಓದಿದಳು, ಬೇಯಿಸುವ ಕ್ರಮ ಬರೆದಿತ್ತು, ಊರು ಇರಲಿಲ್ಲ. ಎಲ್ಲಿಂದಲೋ ಲಾರಿ ಬರುತ್ತದೆ, ಇವರು ಉಣ್ಣುತ್ತಾರೆ. ನಾಲ್ಕು ದಿನ ಲಾರಿ ನಿಂತರೆ ಆ ಓಣಿಯಲ್ಲಿ ಉಳಿಯುವುದು ತಂಪು ಗಾಳಿ ಮಾತ್ರ. ಆ ಯೋಚನೆ ಅಲ್ಲಿ ತಳ್ಳುಗಾಡಿ ನೂಕಿಕೊಂಡು ಹೋಗುವ ಒಬ್ಬರ ಮೋರೆಯ ಮೇಲೂ ಇರಲಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಲತಾ ಬ್ಯಾಂಕಿನ ಕೆಲಸಕ್ಕೆ ಕಡಮಕ್ಕುಡಿ ಕಡೆಯ ದ್ವೀಪಗಳಿಗೆ ಹೊರಟಳು. "ಉಪ್ಪುನೀರಿನಲ್ಲಿ ಭತ್ತ ಬೆಳೆಯುವವರು ಅಲ್ಲಿದ್ದಾರೆ, ಪೊಕ್ಕಾಳಿ ಅಂತಾರೆ, ಬರ್ತೀಯಾ?" ಅಂದಳು.

"ಕಗ್ಗವಾ?" ಅಂದೆ.

ಕಗ್ಗ ನಮ್ಮೂರ ಭತ್ತ. ನಾನು ಕುಮಟೆಯ ಕಡೆಯವಳು, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ ಬೆಳೆದವಳು. ಗಜನಿ ಎಂದರೆ ಭರತದ ನೀರು ಹೊಕ್ಕು ಇಳಿತಕ್ಕೆ ಹೊರಡುವ ತಗ್ಗು ಭೂಮಿ. ಮಳೆ ಬಂದು ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಬಿತ್ತುತ್ತಿದ್ದೆವು, ಸೊಂಟಮಟ್ಟದ ನೀರಿನಲ್ಲಿ ನಿಂತು ತೆನೆ ಕೊಯ್ಯುತ್ತಿದ್ದೆವು. ಗೊಬ್ಬರ ಇಲ್ಲ, ಔಷಧ ಇಲ್ಲ. ಆಮೇಲೆ ಸಿಗಡಿಯ ಗುತ್ತಿಗೆಯವರು ಬಂದರು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. ಎತ್ತರದ ಗದ್ದೆಯಿದ್ದವರು ಸೊಸೈಟಿಯ ಬೀಜ, ಸೊಸೈಟಿಯ ಗೊಬ್ಬರ ತಂದರು, ಮರುವರ್ಷ ಮತ್ತೆ ತಂದರು. ಪ್ರತಿವರ್ಷ ಬೀಜ ಕೊಂಡು ತರುವವನನ್ನು ನಾನು ಬೇಸಾಯಗಾರ ಅನ್ನುವುದಿಲ್ಲ, ಗಿರಾಕಿ ಅನ್ನುತ್ತೇನೆ. ನಮ್ಮ ಮನೆಯ ಅಟ್ಟದಲ್ಲಿ ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕಗ್ಗದ ಬೀಜದ ಮುಡಿ ಎರಡು ವರ್ಷ ತೂಗಿತು. ಬಿತ್ತಲು ಗದ್ದೆಯಿಲ್ಲ, ಹಳೆಯ ಬೀಜ ಮೊಳೆಯುವುದೂ ಇಲ್ಲ. ಒಂದು ದಿನ ಇಳಿಸಿ ಕೋಳಿಗೆ ಹಾಕಿದೆ. ನನ್ನ ಕೈಯಿಂದಲೇ ಹಾಕಿದೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಬರೆದಿಡುವುದು ಒಳ್ಳೆಯದು.

ಅಲ್ಲಿ ಹೋಗಿ ನೋಡಿದರೆ ಒಣಗಿದ ಗದ್ದೆಯಲ್ಲಿ ಹೆಂಗಸರು ಮಣ್ಣಿನ ದಿಬ್ಬ ಮಾಡುತ್ತಿದ್ದರು. ಮೊದಲ ಮಳೆಗೆ ದಿಬ್ಬದ ಉಪ್ಪು ಇಳಿದುಹೋಗುತ್ತದೆ. ಅದರ ನೆತ್ತಿಯ ಮೇಲೆ ಬೀಜ ಹಾಕಿ, ಸಸಿಯಾದ ಮೇಲೆ ದಿಬ್ಬವನ್ನೇ ಕಡಿದು ಗದ್ದೆಗೆ ಹರಡುತ್ತಾರೆ. ಲತಾ ದಡದಲ್ಲಿ ನಿಂತು ಕಾಗದ ತೆಗೆಯುವಷ್ಟರಲ್ಲಿ ನಾನು ಸೀರೆ ಎತ್ತಿಕಟ್ಟಿ ಇಳಿದೆ. ಮಣ್ಣಿನ ವಾಸನೆ ನಮ್ಮೂರದ್ದೇ.

ಗದ್ದೆಯ ಒಡತಿ ಚಿರುತ, ನನ್ನದೇ ವಯಸ್ಸು. "ಇದು ಯಾರ ಅಮ್ಮ? ಎತ್ತಿ ದಡಕ್ಕೆ ಹಾಕಿ, ಸತ್ತರೆ ನನ್ನ ತಲೆಗೆ" ಅಂದಳು ಮಲಯಾಳದಲ್ಲಿ. ನಾನು ಒಂದು ದಿಬ್ಬ ಮುಗಿಸಿದೆ. ಅವಳು ಬಂದು ಕಾಲಿನಿಂದ ತಟ್ಟಿ ನೋಡಿದಳು. ಕುಸಿಯಲಿಲ್ಲ.

"ಕನ್ನಡಕ್ಕಾರೀ, ನಾಳೆ ಬರುವಾಗ ಹಳೇ ಸೀರೆ ಉಟ್ಟು ಬಾ" ಅಂದಳು. ಕನ್ನಡದವಳೇ ಅಂತ ಅರ್ಥ.

ನಾಳೆಯೂ ಹೋದೆ, ನಾಡಿದ್ದೂ ಹೋದೆ. ನನ್ನ ಮಲಯಾಳ ಅವಳಿಗೆ ನಗೆ, ಅವಳಿಗೆ ಕನ್ನಡ ಒಂದಕ್ಷರ ಬಾರದು. ಕೆಲಸ ಗೊತ್ತಿದ್ದವರಿಗೆ ಅಷ್ಟು ಮಾತು ಸಾಕಾಗುತ್ತದೆ. ಅವಳ ಗದ್ದೆಯ ಸುತ್ತ ಎಲ್ಲವೂ ಸಿಗಡಿ ಹೊಂಡ. ಆ ತಳಿಯ ಬೀಜ ಇಟ್ಟುಕೊಂಡವಳು ಆ ತುಂಡು ನೆಲದಲ್ಲಿ ಇವಳೊಬ್ಬಳೇ.

ಮೇ ತಿಂಗಳ ಕೊನೆಗೆ ಅವಳು ಬುಟ್ಟಿ ಕಟ್ಟಿದಳು. ನಾನು ನೋಡದ ಕ್ರಮ ಅದು. ತೆಂಗಿನ ಗರಿಯಿಂದ ಹೆಣೆದ ಬುಟ್ಟಿಯ ಒಳಗೆ ಬಾಳೆಲೆ ಹಾಸಿ, ಬೀಜ ತುಂಬಿ, ಕಾಲಲ್ಲಿ ತುಳಿದು ಬಿಗಿ ಮಾಡಿ, ಬಾಯಿ ಕಟ್ಟಿ, ಒಂದು ಹಗಲು ಸಿಹಿನೀರ ಕೆರೆಯಲ್ಲಿ ಮುಳುಗಿಸುವುದು. ತೆಗೆದು ನೆರಳಿನಲ್ಲಿಟ್ಟರೆ ಬೀಜ ಮೂಗು ತೂರಿಸುವಷ್ಟು ಮೊಳಕೆ ಹೊರಗೆ ಹಾಕಿ ಅಲ್ಲಿಗೇ ನಿಲ್ಲುತ್ತದೆ. ಒಳಗೆ ಜಾಗವಿಲ್ಲ, ಗಾಳಿಯಿಲ್ಲ, ಮಲಗಿಬಿಡುತ್ತದೆ. ಮಳೆ ತಡವಾದರೂ ಒಂದು ತಿಂಗಳು ಕಾಯುತ್ತದೆ. ಗದ್ದೆಯ ಉಪ್ಪು ಇಳಿದ ದಿನ ಬುಟ್ಟಿ ಬಿಚ್ಚಬೇಕು, ಬಿಚ್ಚಿದ ದಿನವೇ ಬಿತ್ತಬೇಕು. ನಡುವೆ ಬಿಚ್ಚಿದರೆ ಗಾಳಿ ತಾಗಿ ಮೊಳಕೆ ಒಣಗಿ ಸಾಯುತ್ತದೆ. ಅಂಥ ಎರಡು ಬುಟ್ಟಿ. ಅವಳ ಗದ್ದೆ ಪೂರಾ ಆ ಎರಡು ಬುಟ್ಟಿಯಲ್ಲಿತ್ತು.

ಆಗ ಬಂದ ಡಾಕ್ಟರ್ ಸಾರ್. ರೋಗಿ ನೋಡುವ ಡಾಕ್ಟರಲ್ಲ. ಭತ್ತದ ಮೇಲೆ ಪುಸ್ತಕ ಬರೆದು ಡಾಕ್ಟರಾದವನು, ಯಾವುದೋ ಯೋಜನೆಯ ಮುಖ್ಯಸ್ಥ. ಬಂದ ಮೊದಲ ದಿನವೇ ಬೂಟು ಕಳೆದುಕೊಂಡವನು ಇವನೇ. ಮರುದಿನ ಬೇರೆ ಬೂಟು ಹಾಕಿಕೊಂಡು ಬಂದು ದಡದ ಮೇಲೇ ನಿಂತು, ಅಕ್ಕಾ ಎಂದು ಮಲಯಾಳದಲ್ಲಿ ಕರೆದು ಕೇಳಿದ, "ಚೇಚ್ಚೀ, ಗೊಬ್ಬರ ಎಷ್ಟು ಹಾಕುತ್ತೀರಿ?"

"ಇಲ್ಲ."

"ಔಷಧ?"

"ಇಲ್ಲ."

"ಮತ್ತೆ ಏನು ಹಾಕುತ್ತೀರಿ?"

"ನೀರು ಬರುತ್ತದೆ, ಹೋಗುತ್ತದೆ."

ಅವನು ಖುಷಿಯಿಂದ ಬರೆದುಕೊಂಡ. ಏನು ಬರೆದ ಎಂದು ಚಿರುತ ಲತಾಳನ್ನು ಕೇಳಿದಳು. ಈ ಬೇಸಾಯಕ್ಕೆ ಇನ್‌ಪುಟ್ಟೇ ಬೇಡ, ಏನೂ ಹಾಕಬೇಕಾಗಿಲ್ಲ ಅಂತ ಬರೆದಿದ್ದಾರೆ ಎಂದು ಲತಾ ಹೇಳಿದಳು.

"ನನ್ನ ಸೊಂಟ?" ಅಂದಳು ಚಿರುತ. "ಅದನ್ನು ಬರೆದನೋ ಕೇಳು."

ಅವನಿಗೆ ಬೇಕಾದದ್ದು ಬುಟ್ಟಿ. ತಿರುವನಂತಪುರದಲ್ಲಿ ಲೋಕದ ಹಸಿವಿನ ಬಗ್ಗೆ ದೊಡ್ಡ ಸಮ್ಮೇಳನ, ಹೊರದೇಶದವರು ಬರುತ್ತಾರೆ, ಒಂದು ಮಳಿಗೆಯಲ್ಲಿ ಚಿರುತ ತನ್ನ ಬುಟ್ಟಿಗಳ ಜೊತೆ ಕೂರಬೇಕು. ಚಿರುತ ಆಗುವುದಿಲ್ಲ ಅಂದಳು. ಲತಾಳ ಬ್ಯಾಂಕಿನವರೇ ಆ ಮಳಿಗೆ ಹಾಕಿಸುವವರು. ಕರೆದುಕೊಂಡು ಹೋಗುವ ಜವಾಬ್ದಾರಿ ಲತಾಳ ಮೇಲೆ. ಅವಳು ನನ್ನ ಹತ್ತಿರ ಬಂದಳು. "ಅಮ್ಮ, ನೀನು ಹೇಳಿದ್ರೆ ಕೇಳ್ತಾಳೆ. ಮೂರೇ ದಿನ. ಬಿಚ್ಚೋದಿಲ್ಲ, ಬರೀ ತೋರಿಸೋದು."

ನಾನು ಹೇಳಿದೆ. ಬುಟ್ಟಿಗೇನಾಗ್ತದೆ, ನೆರಳಿನಲ್ಲೇ ತಾನೆ ಇರುವುದು, ನಾನೂ ಬರುತ್ತೇನೆ ಎಂದೆ. ಮಗಳ ಮಾತಿಗೆ ಹೇಳಿದ್ದು, ಬುದ್ಧಿಗೆ ಹೇಳಿದ್ದಲ್ಲ. ಚಿರುತ ಬಹಳ ಹೊತ್ತು ನನ್ನ ಮೋರೆ ನೋಡಿದಳು. "ಒಂದು ಬುಟ್ಟಿ" ಅಂದಳು. ಡಾಕ್ಟರ್ ಸಾರ್ ಎರಡೂ ಬೇಕು, ಬಾಗಿಲಿನ ಎರಡು ಬದಿಗೆ ಜೋಡಿಯಾಗಿ ಚಂದ ಕಾಣುತ್ತದೆ ಅಂದ. ಕೊನೆಗೆ ಎರಡೂ ಹೊರಟವು.

ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದಾಗ ಬುಟ್ಟಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆಟೋದವನು ಮೂಸಿ ನೋಡಿ, ಮೀನಾದರೆ ಹತ್ತಿಸುವುದಿಲ್ಲ ಅಂದ. ಭತ್ತ ಅಂದರೆ ನಂಬಲಿಲ್ಲ. ಭತ್ತಕ್ಕೆ ವಾಸನೆ ಉಂಟೇ ಎಂದು ನಮ್ಮನ್ನೇ ಕೇಳಿದ. ಚಿರುತ ಅವನಿಗೆ ಕೊಟ್ಟ ಉತ್ತರವನ್ನು ಲತಾ ನನಗೆ ಹೇಳಲಿಲ್ಲ.

ಸಮ್ಮೇಳನದ ಸಭಾಂಗಣ ಕೊಚ್ಚಿಯ ಮಾಲಿಗಿಂತ ತಣ್ಣಗಿತ್ತು. ನಾನು ಮತ್ತು ಚಿರುತ ಕೈ ತೊಳೆಯುವ ಜಾಗ ಹುಡುಕಿ ಬರುವಷ್ಟರಲ್ಲಿ ಡಾಕ್ಟರ್ ಸಾರ್ ಒಂದು ಬುಟ್ಟಿಯ ಬಾಯಿ ಕತ್ತರಿಯಿಂದ ಕತ್ತರಿಸಿ, ಎಲೆ ಬಿಡಿಸಿ, ಮೇಲೊಂದು ದೀಪ ಹಚ್ಚಿಟ್ಟಿದ್ದ. ಮೊಳಕೆ ಬೆಳ್ಳಗೆ ಹೊಳೆಯುತ್ತಿತ್ತು. ಜನ ಸಾಲುಗಟ್ಟಿ ಕೈ ಹಾಕುತ್ತಿದ್ದರು.

ಚಿರುತ ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, "ಬಿಚ್ಚುವುದಿಲ್ಲ ಅಂದೆಯಲ್ಲ" ಅಂದಳು. ಅಷ್ಟೇ.

ಅವನು ಎರಡನೇ ಬುಟ್ಟಿಯ ಹತ್ತಿರ ಬಂದ. ನಾನು ಹೋಗಿ ಅದರ ಮೇಲೆ ಕುಳಿತೆ.

"ಅಮ್ಮಚ್ಚೀ, ಕುರ್ಚಿ ತರಿಸುತ್ತೇನೆ" ಅಂದ.

"ಬೇಡ" ಅಂದೆ.

"ಸ್ವಲ್ಪ ಏಳುತ್ತೀರಾ?"

"ಕಾಲು ನೋವು."

ಲತಾ ಓಡಿ ಬಂದಳು. "ಅಮ್ಮ, ಎದ್ದೇಳು. ನಮ್ಮ ಜನರಲ್ ಮ್ಯಾನೇಜರ್ ಬರ್ತಿದ್ದಾರೆ. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ನೋಡೂಕೇ ಅಲ್ವಾ ಕರ್ಕಂಡ್ ಬಂದದ್ದು."

"ನನ್ನ ಮರ್ಯಾದೆ ಅಮ್ಮ."

"ನಿನ್ನ ಮರ್ಯಾದೆ ಮುಂದಿನ ವರ್ಷ ಮತ್ತೆ ಮೊಳೀತದೆ. ಇದು ಮೊಳೆಯೂದಿಲ್ಲ."

ಅವಳು ಮ್ಯಾನೇಜರನ್ನು ಎದುರುಗೊಳ್ಳಲು ಹೋದಳು. ನಾನು ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಕುಳಿತೆ. ಊಟಕ್ಕೆ ನಾನು ಎದ್ದರೆ ಚಿರುತ ಕೂತಳು. ಎಲ್ಲರಿಗೂ ಸಣ್ಣ ಸಣ್ಣ ನೀರಿನ ಬಾಟಲಿ ಹಂಚುತ್ತಿದ್ದರು. ನನ್ನದೂ ಅವಳದೂ ಬುಟ್ಟಿಗೆ ಹೊಯ್ದೆ. ಒಬ್ಬ ಬಿಳಿಯ ಮನುಷ್ಯ ಬಗ್ಗಿ ಬಗ್ಗಿ ನನ್ನ ಫೋಟೋ ತೆಗೆದ, ಇದೂ ಪ್ರದರ್ಶನದ ಭಾಗ ಎಂದುಕೊಂಡು.

ಒಳಗೆ ಭಾಷಣ ನಡೆಯುತ್ತಿತ್ತು. ಲೋಕದ ಜನ ಹೆಚ್ಚುತ್ತಾರೆ, ಸಮುದ್ರ ಏರುತ್ತದೆ, ನೆಲ ಉಪ್ಪಾಗುತ್ತದೆ, ಆಗ ಉಪ್ಪಿನಲ್ಲಿ ಬೆಳೆಯುವ ಭತ್ತವೇ ಗತಿ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರಂತೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಭತ್ತ ಬಾಗಿಲ ಹೊರಗೆ, ಅವರೇ ಹಚ್ಚಿದ ದೀಪದ ಕೆಳಗೆ ಒಣಗುತ್ತಿತ್ತು. ಚಹಾಕ್ಕೆ ಹೊರಗೆ ಬಂದವರು ಮತ್ತೊಂದು ಸಲ ಕೈ ಹಾಕಿ ಹೋಗುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಇಪ್ಪತ್ತು ಪಾತ್ರೆ ಇತ್ತು. ಚಿರುತ ಬಡಿಸುವವನನ್ನು ಗಂಜಿ ಇದೆಯಾ ಎಂದು ಕೇಳಿದಳು. ಅವನು ನಕ್ಕು ಬೆಣ್ಣೆ ಹಾಕಿದ ರೊಟ್ಟಿ ತೋರಿಸಿದ.

ಎರಡನೇ ದಿನ ಅವಳನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿ ಮೈಕು ಕೊಟ್ಟರು. ಬುಟ್ಟಿ ಲತಾಳ ವಶಕ್ಕೆ ಬಿಟ್ಟು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಚಿರುತ ಮೈಕಿನಲ್ಲಿ ಹೇಳಿದಳು, "ಆ ಬುಟ್ಟಿ ಮುಚ್ಚಿ. ಬೀಜ ಸಾಯುತ್ತಾ ಇದೆ."

ಡಾಕ್ಟರ್ ಸಾರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಬಹಳ ಉದ್ದವಾಗಿ ತಿರುಗಿಸಿದ. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾಕೆ ತಟ್ಟುತ್ತಿದ್ದಾರೆ ಎಂದು ಆಮೇಲೆ ಲತಾಳನ್ನು ಕೇಳಿದೆ. ನಾಡಿನ ಬೀಜಸಂಪತ್ತು ನಶಿಸುತ್ತಿದೆ, ಅದನ್ನು ಕಾಪಾಡೋಣ ಎಂದು ಈ ತಾಯಿ ಕರೆ ಕೊಡುತ್ತಿದ್ದಾಳೆ ಅಂತ ಅವನು ಹೇಳಿದನಂತೆ. ಬುಟ್ಟಿಯನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಚಿರುತ ಶಾಲು ತಂದು ನನ್ನ ಬುಟ್ಟಿಗೆ ಸುತ್ತಿ ಅದರ ಮೇಲೆ ನೀರು ಹೊಯ್ದಳು. ಆ ಸಮ್ಮೇಳನದಲ್ಲಿ ಉಪಯೋಗಕ್ಕೆ ಬಂದ ವಸ್ತು ಅದೊಂದೇ. ಲತಾ ಅದನ್ನು ನೋಡಿದಳು. ಮೂರನೇ ದಿನ ಬ್ಯಾಂಕಿನ ಸೀರೆ ಉಟ್ಟುಕೊಂಡೇ ಬುಟ್ಟಿಯ ಮೇಲೆ ಒಂದು ಗಂಟೆ ಕೂತಳು, ನನ್ನನ್ನು ಏಳಿಸಿ. ಸೀರೆಗೆ ಹತ್ತಿದ ಕಲೆ ಇನ್ನೂ ಹೋಗಿಲ್ಲ.

ಕೊಚ್ಚಿಗೆ ಮರಳಿದ ವಾರಕ್ಕೆ ಮಳೆ ಹಿಡಿಯಿತು. ಗದ್ದೆಯ ನೀರನ್ನು ಚಿರುತ ನಾಲಿಗೆಗೆ ಹಚ್ಚಿ ನೋಡಿದಳು, ನಾನೂ ನೋಡಿದೆ. ಉಪ್ಪು ಇಳಿದ ದಿನ ಎರಡೂ ಬುಟ್ಟಿಯ ಬೀಜ ಹಾಕಿದೆವು, ಬೇರೆ ಬೇರೆ ದಿಬ್ಬಕ್ಕೆ. ಪ್ರದರ್ಶನದ ಬೀಜ ಹಾಕಿದ ದಿಬ್ಬಗಳು ಬೋಳಾಗಿಯೇ ಉಳಿದವು. ಇನ್ನೊಂದು ಬದಿಯಲ್ಲಿ ಐದನೇ ದಿನಕ್ಕೆ ಹಸಿರು ಬಂತು. ಅರ್ಧ ಗದ್ದೆ. ಡಾಕ್ಟರ್ ಸಾರ್ ಬಂದು ದಡದಿಂದಲೇ ನೋಡಿ, ನಿಮ್ಮ ಬೀಜದ ಗುಣಮಟ್ಟ ಸಾಲದು, ನಾನು ಸುಧಾರಿಸಿದ ಬೀಜ ಕಳಿಸುತ್ತೇನೆ ಅಂದ. ಕಳಿಸಿದ ಕೂಡ. ಬೀಜವನ್ನು ಚಿರುತ ಬಾತುಗಳಿಗೆ ಸುರಿದಳು. ಚೀಲವನ್ನು ಮಳೆಗೆ ತಲೆಗೆ ಹಾಕಿಕೊಂಡಳು. ಒಳ್ಳೆಯ ಚೀಲ, ಆ ಮಳೆಗಾಲ ಪೂರ್ತಿ ಬಂತು.

ಆ ಮಳೆಗಾಲದಲ್ಲಿ ಅವಳು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಕೆಲಸ ಹೇಳುತ್ತಿದ್ದಳು, ಮಾಡುತ್ತಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು. ತುಲಾ ಮಾಸದಲ್ಲಿ, ದೀಪಾವಳಿಯ ಹೊತ್ತಿಗೆ, ಕೊಯ್ಲು. ಎದೆಮಟ್ಟದ ನೀರಿನಲ್ಲಿ ನಿಂತು ತೆನೆ ಮಾತ್ರ ಕೊಯ್ದು ದೋಣಿಗೆ ಹಾಕುವುದು. ಉಳಿದ ಹುಲ್ಲು ನೀರಿನಲ್ಲೇ ಕೊಳೆತು ಸಿಗಡಿಗೆ ಮೇವು. ನನ್ನ ಕೈ ಆ ಕೆಲಸ ಮರೆತಿರಲಿಲ್ಲ. ಅರ್ಧ ಗದ್ದೆಯ ಭತ್ತ ಒಣಗಿಸಿ ತೂರಿದ ಮೇಲೆ ಚಿರುತ ಎಲ್ಲವನ್ನೂ ಬೀಜಕ್ಕೆಂದು ಕಟ್ಟಿದಳು. ಒಂದು ಸೇರನ್ನೂ ಉಣ್ಣಲು ತೆಗೆಯಲಿಲ್ಲ. ಆ ವರ್ಷ ಅವಳು ಉಂಡದ್ದು ರೇಷನ್ ಅಕ್ಕಿ. ಲೋಕಕ್ಕೆಲ್ಲ ಅನ್ನದ ದಾರಿ ತೋರಿಸಿದವಳು ಚೀಲ ಹಿಡಿದು ಸಾಲಿನಲ್ಲಿ ನಿಂತಳು.

ಜೊಳ್ಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಸುಡುತ್ತೀಯಾ ಎಂದು ಕೇಳಿದೆ. "ಇರಲಿ, ಬೇಕಾಗುತ್ತದೆ" ಅಂದಳು. ಮರುತಿಂಗಳು ಲತಾಳಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಅವಳು ಕರೆಯಲಿಲ್ಲ, ಕರೆಯದೆ ಹೋಗುವ ಮೋರೆ ನನಗಿರಲಿಲ್ಲ.

ಬೋರ್ಡು ನೋಡಿದ ಮರುದಿನ ಲತಾಳಿಗೆ, ಆ ಸಭಾಂಗಣಕ್ಕೆ ಹೋಗುವ ಎಂದೆ. ಅದೇ ಜಾಗ, ಅದೇ ತಂಪು. ಬಾಗಿಲಲ್ಲೇ ದೀಪದ ಕೆಳಗೆ ಬುಟ್ಟಿ, ಬಾಯಿ ಬಿಚ್ಚಿದ್ದು. ಮತ್ತೆ ಕೊಟ್ಟಳೇ ಎಂದುಕೊಂಡೆ. ಪಕ್ಕದಲ್ಲಿ ನಿಂತ ಹುಡುಗಿ, "ಮುಟ್ಟಿ ನೋಡಿ ಅಮ್ಮಚ್ಚೀ, ಜೀವಂತ ಬೀಜ. ಚಿರುತ ಅಮ್ಮ ಹೋದ ವರ್ಷದಿಂದ ಅವರೇ ಬುಟ್ಟಿ ಬಿಚ್ಚಿ ಕಳಿಸುತ್ತಾರೆ" ಅಂದಳು.

ಕೈ ಹಾಕಿದೆ. ಬೊಗಸೆ ತುಂಬ ಬಂತು, ತೂಕ ಬರಲಿಲ್ಲ. ಒಂದು ಕಾಳು ಹಲ್ಲಿಗಿಟ್ಟೆ. ಒಳಗೆ ಏನೂ ಇಲ್ಲ. ಇನ್ನೊಂದು, ಮತ್ತೊಂದು. ತಳದವರೆಗೂ ಜೊಳ್ಳು, ಮೇಲೆ ಚಂದಕ್ಕೆ ನೀರು ಚಿಮುಕಿಸಿದ್ದರು. ನನ್ನ ಹಿಂದೆ ಕೊರಳಿಗೆ ಬಿಲ್ಲೆ ಹಾಕಿದ ದಪ್ಪ ಮನುಷ್ಯನೊಬ್ಬ ಎರಡೂ ಕೈ ಮುಳುಗಿಸಿ, ಎತ್ತಿ ಮೂಸಿ, ಕಣ್ಣು ಮುಚ್ಚಿಕೊಂಡ. ಡಾಕ್ಟರ್ ಸಾರ್ ಅವನ ಪಕ್ಕ ನಿಂತು ವಿವರಿಸುತ್ತಿದ್ದ. ಅವನೂ ತಳದಿಂದ ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಸುರಿಸಿ ತೋರಿಸಿದ. ಅದು ಬೀಳಲಿಲ್ಲ, ಹಾರಿತು. ಭತ್ತದ ಮೇಲೆ ಪುಸ್ತಕ ಬರೆದವನ ಕೈಯಿಂದ.

ಹೊರಗೆ ಬಂದು ಲತಾಳ ಫೋನಿನಿಂದ ಚಿರುತಳಿಗೆ ಮಾಡಿಸಿದೆ. ಒಂದೂವರೆ ವರ್ಷದ ಮೇಲೆ.

"ಕೈ ಹಾಕಿದೆಯಾ?" ಅಂದಳು ನನ್ನ ದನಿ ಕೇಳಿದ್ದೇ.

"ಹಾಕಿದೆ."

"ಎರಡು ವರ್ಷದಲ್ಲಿ ಎಷ್ಟೋ ಜನ ಹಾಕಿದರು. ನನಗೆ ಫೋನು ಬಂದದ್ದು ನಿನ್ನದೊಂದೇ."

"ಬೀಜ ಎಲ್ಲದೆ?"

"ಕೆರೆಯಲ್ಲಿ. ಸಂಜೆ ತೆಗೆಯುತ್ತೇನೆ. ಈ ಸಲ ನಾಲ್ಕು ಬುಟ್ಟಿ."

"ಬಿಚ್ಚಬೇಡ" ಅಂದೆ, ಬಾಯಿಗೆ ಬಂದದ್ದು ಅದೇ.

ಆಗ ಅವಳು ಬೈದಳು. ಹಾಡುಹಗಲು, ಫೋನಿನಲ್ಲಿ, ನನಗೆ ಅರ್ಧ ಮಾತ್ರ ಅರ್ಥವಾಗುವ ಮಲಯಾಳದಲ್ಲಿ, ಎರಡು ವರ್ಷದ ಬಾಕಿ ಸೇರಿಸಿ ಬೈದಳು. ನಾನು ಕೊನೆಯವರೆಗೂ ಕೇಳಿಸಿಕೊಂಡೆ. ಮುಗಿದ ಮೇಲೆ ಉಸಿರು ತೆಗೆದುಕೊಂಡು, "ಕನ್ನಡಕ್ಕಾರೀ, ಮಳೆ ಹಿಡಿದ ದಿನ ಬಾ. ಹಳೇ ಸೀರೆ ಉಟ್ಟು ಬಾ" ಅಂದಳು.